ಬಾಳೆ ಸಸಿಗೆ ತಳದ ನೀರು

ಹೊಸಪೇಟೆಯ ಟಿ.ಬಿ. ಡ್ಯಾಂ ಕಾಲುವೆಯಲ್ಲಿ ಮೂವತ್ತೆರಡು ವರ್ಷ ನೀರಿನ ಮಟ್ಟ ಅಳೆದು ನಿವೃತ್ತನಾದವನು ನಾನು, ಕೊಟ್ರಯ್ಯ. ನೀರಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಇನ್ನೂ ಹುಟ್ಟಿಲ್ಲ ಎಂದು ನಂಬಿದ್ದೆ. ಹುಟ್ಟಿದ್ದಳು, ನನ್ನ ಮನೆಯಲ್ಲೇ.

ಮಗಳು ಪೂಜಿತಾ ಈಗ ಗಂಡನೊಂದಿಗೆ ಕುಂದಾಪುರದ ಹತ್ತಿರ, ಹೊಳೆ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿದ್ದಾಳೆ. ಕಳೆದ ಅಕ್ಟೋಬರಿನಲ್ಲಿ ಕಮಲಾಪುರದ ಹನ್ನೆರಡು ಬಾಳೆ ಸಸಿಗಳನ್ನು ಗೋಣಿಯಲ್ಲಿ ಸುತ್ತಿಕೊಂಡು ಅವಳ ಮನೆಗೆ ಹೊರಟೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನೀರಾವರಿಯ ಪಾಠ ಹೇಳಿದೆ. ಇಬ್ಬರು ಸೀಟು ಬದಲಿಸಿದರು.

ಹಿತ್ತಿಲಲ್ಲಿ ಸಸಿ ನೆಟ್ಟು, ಮೋಟರಿನ ಪೈಪು ಇಳಿಸಲು ಹೊಳೆಗೆ ಹೋದೆ. ಬೊಗಸೆಯಲ್ಲಿ ಕುಡಿದು ನೋಡಿದೆ. ಸಿಹಿನೀರೇ. ಆದರೆ ಮೇಲೆ ಕಸ ತೇಲುತ್ತಿತ್ತು. ಪೈಪಿನ ಬಾಯಿಗೆ ಕಲ್ಲು ಕಟ್ಟಿ ತಳಕ್ಕೆ ಬಿಡತೊಡಗಿದೆ.

"ಅಪ್ಪಾ, ತಳಕ್ಕ ಬಿಡಬ್ಯಾಡ," ಎಂದಳು ಪೂಜಿತಾ. "ಮ್ಯಾಲಿಂದು ಹೊಳಿ ನೀರು, ಕೆಳಗಿಂದು ಸಮುದ್ರದ್ದು. ಉಪ್ಪುನೀರು ಭಾರ, ಅಡಿಯಿಂದ ನುಗ್ಗಿ ಬರ್ತೈತಿ."

"ಒಂದೇ ಹೊಳ್ಯಾಗ ಎರಡು ಅಂತಸ್ತೇನು? ನನಗ ನೀರು ಕಲಿಸ್ತೀಯೇನವಾ?" ಎಂದು ನಕ್ಕೆ.

ಆರನೇ ದಿನ ಎಲೆಗಳ ಅಂಚು ಸುಟ್ಟಂತಾಯಿತು. ರೋಗ ಎಂದೆ. ಕಡಲ ಗಾಳಿ ಎಂದೆ. ಪೂಜಿತಾ ಒಂದು ಬಾಟಲಿಗೆ ಕಲ್ಲು, ಹಗ್ಗ ಕಟ್ಟಿ, ಬಿರಡೆಗೆ ಬೇರೆ ದಾರ ಕಟ್ಟಿ ಹೊಳೆಯ ತಳಕ್ಕಿಳಿಸಿದಳು. ದಾರ ಜಗ್ಗಿ ಅಲ್ಲೇ ಬಿರಡೆ ಕಿತ್ತು, ತುಂಬಿದ ಬಾಟಲಿಯನ್ನು ಎಳೆದು ನನ್ನ ಕೈಗೆ ಕೊಟ್ಟಳು. ಒಂದೇ ಗುಟುಕಿಗೆ ಉಗುಳಿದೆ.

ಪೈಪನ್ನು ಮೇಲೆತ್ತಿ ಕಟ್ಟಿದೆ. ಇನ್ನು ಎಲ್ಲ ತಿಳಿಯಿತು ಅಂದುಕೊಂಡೆ. ಅಮಾವಾಸ್ಯೆಯ ದಿನ ಮೋಟರು ಹಾಕಲು ಹೋದರೆ ಪೂಜಿತಾ ಸ್ವಿಚ್ಚಿಗೆ ಅಡ್ಡ ನಿಂತಿದ್ದಳು.

"ಇವತ್ತು ಬ್ಯಾಡಪ್ಪಾ. ಅಮಾಸಿ ಉಬ್ಬರ ಭಾಳ ಜೋರು. ಮ್ಯಾಲಿಂದು ಕೆಳಗಿಂದು ಎಲ್ಲಾ ಕಲಸಿಬಿಡ್ತೈತಿ."

ನಂಬದೆ ಹೊಳೆಗೆ ಹೋಗಿ ಬಾಯಿಗೆ ಹಾಕಿಕೊಂಡೆ. ಮೇಲಿನ ನೀರೂ ಉಪ್ಪು.

"ಇದನ್ನೆಲ್ಲ ನಿನಗ ಯಾರು ಹೇಳಿದ್ರು?"

"ಯಾರೂ ಇಲ್ಲ. ಹೋದ ವರ್ಷ ನನ್ನ ಮೆಂತ್ಯ ಪೂರ್ತಿ ಸತ್ತುಹೋತು. ಆಮ್ಯಾಲೆ ದಿನಾ ನೆಕ್ಕಿ ನೋಡಿದೆ."

ಫೋನಿನಲ್ಲಿ ಅವಳು ಇದನ್ನು ಹೇಳಿರಲಿಲ್ಲ. ಹೇಳಿದ್ದಳೋ ಏನೋ, ನಾನೇ ಡ್ಯಾಮಿನ ಕತೆ ಹೇಳುತ್ತಿದ್ದೆನೇನೋ.

ಐದು ಸಸಿ ಉಳಿದವು. ಹೊಸಪೇಟೆಗೆ ಹೊರಡುವ ಮುನ್ನಾದಿನ ಮೋಟರಿನ ಬಳಿ ನಿಂತು, "ಈಗ ಹಾಕ್ಲೇನವಾ?" ಎಂದು ಕೇಳಿದೆ.

ಪೂಜಿತಾ ಹೊಳೆಯತ್ತ ನೋಡಿದಳು. "ನೀರು ಇನ್ನಷ್ಟು ಇಳೀಲಿ. ಒಂದು ತಾಸು ಕುಂದ್ರು."

ಕುಳಿತೆ.