ಒಂದನೇ ನಂಬರಿನ ನಾಯಿ

ಮುಧೋಳದ ಬಸ್ ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ, ನಾಲ್ಕು ತಾಲೂಕಿನ ಬೇಟೆನಾಯಿ ಸಾಕುವವರ ಸಂಘದ ಕಚೇರಿ ಇತ್ತು. ನಾಲ್ಕು ತಾಲೂಕು ಅಂದರೆ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ. ಕಚೇರಿ ಅಂದರೆ ಒಂದು ಮೇಜು, ಎರಡು ಕುರ್ಚಿ, ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಮತ್ತು ಪ್ರತಿಮಾ. ಇಷ್ಟರಲ್ಲಿ ಯಾವ ತಕರಾರೂ ಇಲ್ಲದೆ ಕೆಲಸ ಮಾಡುತ್ತಿದ್ದದ್ದು ಕುರ್ಚಿಗಳು ಮಾತ್ರ.

ಪ್ರತಿಮಾ ಬೀಳಗಿ ಕಡೆಯ ಹುಡುಗಿ. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಬಂದಾಗ ಸಂಘದ ಅಧ್ಯಕ್ಷ ವಾಸುದೇವರಾಯರು ಒಂದೇ ಪ್ರಶ್ನೆ ಕೇಳಿದ್ದರು. ಜಮಖಂಡಿಯ ರಾಯರು ನೀರಾವರಿ ಇಲಾಖೆಯಲ್ಲಿ ಮೂವತ್ತೈದು ವರ್ಷ ಫೈಲು ತಿರುವಿ ನಿವೃತ್ತರಾದವರು. ಫೈಲು ಅಂದರೆ ಅವರಿಗೆ ಸಾಕಾಗಿಹೋಗಿತ್ತು.

"ವೆಬ್‌ಸೈಟ್ ಮಾಡ್ಲಿಕ್ಕೆ ಬರ್ತದೇನಮ್ಮಾ?"

"ಬರ್ತೈತ್ರಿ," ಎಂದಿದ್ದಳು ಪ್ರತಿಮಾ. ವೆಬ್‌ಸೈಟ್ ಕಟ್ಟುವ ಫ್ರೇಮ್‌ವರ್ಕ್ ಕಲಿಸುವ ಮೂವತ್ತೆರಡು ವಿಡಿಯೊಗಳಲ್ಲಿ ಅವಳು ಅಷ್ಟೊತ್ತಿಗೆ ಆರು ನೋಡಿದ್ದಳು. ಆರರಲ್ಲೂ ಕಲಿಸುವವನು "ಇದು ಬಹಳ ಸುಲಭ" ಅಂದಿದ್ದ. ಅವನ ಮಾತು ನಂಬಿ ಹಾಗೆ ಹೇಳಿದ್ದಳು.

ಮೊದಲ ವಾರ ಕಂಪ್ಯೂಟರ್ ಅವಳಿಗೆ "ನೀನು ಕೇಳುವ ಪಟ್ಟಿಯೇ ಇಲ್ಲ" ಎಂದು ಹೇಳುತ್ತ ಕಳೆಯಿತು. ಪಟ್ಟಿ ಹೇಗಿರಬೇಕೆಂದು ಬರೆದರೆ ಸಾಲದು, ಅದನ್ನು ಡೇಟಾಬೇಸಿನಲ್ಲಿ ನಿಜವಾಗಿ ಕಟ್ಟು ಎಂದು ಬೇರೆ ಆಜ್ಞೆ ಕೊಡಬೇಕು ಅನ್ನುವುದು ಏಳನೇ ವಿಡಿಯೊದಲ್ಲಿತ್ತು. ಎರಡನೇ ವಾರ, ತಿದ್ದಿದ್ದೊಂದು ಫೈಲು, ಓಡುತ್ತಿದ್ದದ್ದು ಇನ್ನೊಂದು. ಮೂರನೇ ವಾರ ಏನೂ ಮಾಡದೆ ಎಲ್ಲವೂ ಸರಿಯಾಯಿತು. ಅದಕ್ಕೆ ಅವಳು ಹೆಚ್ಚು ಹೆದರಿದಳು.

ಅಂತೂ ನೂರಾ ಎಂಬತ್ತೇಳು ನಾಯಿಗಳು ಹೆಸರು, ಬಣ್ಣ, ವಯಸ್ಸು, ತಾಯಿಯ ಹೆಸರು ಸಮೇತ ಪಟ್ಟಿ ಸೇರಿದವು. ಒಂದನೇ ನಂಬರು ವಾಸುದೇವರಾಯರ ಸರದಾರನದು. ಅಧ್ಯಕ್ಷರ ನಾಯಿ ಒಂದನೇ ನಂಬರಲ್ಲದೆ ಬೇರೇನಾಗಲು ಸಾಧ್ಯವಿತ್ತು?

ಪಟ್ಟಿ ನೋಡಿ ರಾಯರು ತಲೆದೂಗಿದರು. "ಎಲ್ಲಾ ಛಲೋ ಅದ. ತಂದೀ ಹೆಸರೂ ಇರಬೇಕು ನೋಡು. ತಂದೀನೇ ಇಲ್ಲಂದ್ರ ಎಂಥಾ ವಂಶಾವಳಿ?"

ಪ್ರತಿಮಾ ತಂದೆಯ ಕಾಲಂ ಸೇರಿಸಿದಳು. ತಂದೆಯೂ ಪಟ್ಟಿಯಲ್ಲಿರುವ ಒಂದು ನಾಯಿಯೇ ಆಗಿರಬೇಕು, ಅದರ ನಂಬರನ್ನು ಹಾಕಲೇಬೇಕು ಎಂದು ಬರೆದು ಆಜ್ಞೆ ಕೊಟ್ಟಳು. ಕಂಪ್ಯೂಟರ್ ಸುಮ್ಮನೆ ಮಾಡಲಿಲ್ಲ. ಈ ಕಾಲಂ ಖಾಲಿ ಬಿಡುವ ಹಾಗಿಲ್ಲ ಅಂತೀಯ, ಈಗಾಗಲೇ ಪಟ್ಟಿಯಲ್ಲಿ ಇರುವವರಿಗೆ ಏನು ತುಂಬಲಿ ಎಂದು ಇಂಗ್ಲಿಷಿನಲ್ಲಿ ಕೇಳಿತು. ಒಂದು ಒತ್ತಿದರೆ ಈಗಲೇ ಹೇಳಬಹುದು, ಎರಡು ಒತ್ತಿದರೆ ಬಿಟ್ಟು ಹೋಗಿ ತಿದ್ದಿಕೊಂಡು ಬರಬಹುದು. ಪ್ರತಿಮಾ ಒಂದು ಒತ್ತಿದಳು. ಹಾಗಾದರೆ ಏನು ತುಂಬಲಿ ಹೇಳು ಎಂದು ಅದು ಮತ್ತೆ ಕೇಳಿತು. ಮೊದಲ ಸಲ ಕೇಳಿಸಲಿಲ್ಲವೇನೋ ಎಂದುಕೊಂಡು ಅವಳು ಮತ್ತೊಮ್ಮೆ ಒಂದು ಒತ್ತಿದಳು. ಈ ಸಲ ಕೇಳಿಸಿತು.

ತಂದೆಯ ಹೆಸರು ಸೇರಿದ ಹೊಸ ವಂಶಾವಳಿ ಪ್ರಮಾಣಪತ್ರಗಳು ವಾಟ್ಸಾಪಿನಲ್ಲಿ ನಾಲ್ಕೂ ತಾಲೂಕಿಗೆ ಹೋದವು. ಕೆಳಗೆ "ಪ್ರತಿಮಾ ಹಣಮಂತ, ಕಂಪ್ಯೂಟರ್ ಆಪರೇಟರ್" ಎಂದು ಅಚ್ಚಾಗಿತ್ತು. ಎರಡು ದಿನ ಯಾರೂ ತಕರಾರು ಮಾಡಲಿಲ್ಲ. ಮೂರನೇ ದಿನ ಬನಹಟ್ಟಿಯ ಮಗ್ಗದ ಮಾಲೀಕ ಯುವರಾಜನ ಫೋನು ಬಂತು. ಅವನ ದನಿಯಲ್ಲಿ ಸಂತೋಷ ತುಳುಕುತ್ತಿತ್ತು.

"ನಮ್ಮ ಟೈಗರ್ ಸರದಾರನ ಮಗ ಅಂತ ನನಗ ಮೊದಲಿಂದೂ ಒಂದ ಸಂಶೇ ಇತ್ತರಿ. ಮಾರಿ ನೋಡ್ರಿ, ಹಂಗ ಐತಿ."

ಟೈಗರ್‌ಗೆ ಒಂಬತ್ತು ವರ್ಷ. ಸರದಾರನಿಗೆ ನಾಲ್ಕು. ಪ್ರತಿಮಾ ಪಟ್ಟಿ ತೆರೆದು ನೋಡಿದಳು. ಎರಡನೇ ಸಲ ಅವಳು ಒತ್ತಿದ ಒಂದನ್ನು ಕಂಪ್ಯೂಟರ್ ಒಂದನೇ ನಂಬರಿನ ನಾಯಿ ಎಂದು ತಿಳಿದು ಎಲ್ಲ ಕಡೆ ತುಂಬಿತ್ತು. ನೂರಾ ಎಂಬತ್ತೇಳು ನಾಯಿಗಳಿಗೂ ಸರದಾರನೇ ತಂದೆ. ಸರದಾರನಿಗೂ ಸರದಾರನೇ ತಂದೆ. ಆದರೆ ಸರದಾರ ಈವರೆಗೆ ಒಂದು ಹೆಣ್ಣುನಾಯಿಯನ್ನೂ ಹತ್ತಿರದಿಂದ ಕಂಡವನಲ್ಲ. ಜಮಖಂಡಿಯ ಮನೆಯಲ್ಲಿ ಹಾಲು-ಚಪಾತಿ ತಿಂದು ಸೋಫಾದ ಕೆಳಗೆ ಮಲಗುವ ಸಂಭಾವಿತ.

ರಾಯರ ಮುಂದೆ ತಪ್ಪೊಪ್ಪಿಕೊಂಡಳು. ಅವರು ಕನ್ನಡಕ ಏರಿಸಿ ಪಟ್ಟಿ ನೋಡಿದರು.

"ಸರದಾರನ ತಂದಿ ಸರದಾರ?"

"ಹೂನ್ರಿ."

"ಸ್ವಯಂಭೂ ಅನ್ನು ಹಂಗಾರ." ಅವರಿಗೆ ಅದು ಪೂರಾ ಬೇಸರದ ಸುದ್ದಿಯೇನೂ ಆಗಿರಲಿಲ್ಲ. "ಇರ್ಲಿ ಬಿಡು. ಮಂದಿ ಖುಷಿ ಆಗ್ಯಾರ. ಜನರಲ್ ಮೀಟಿಂಗ್ ಆದಮ್ಯಾಲ ನೋಡೋಣ."

ಹೀಗೆ ತಪ್ಪು ನಾಲ್ಕು ತಿಂಗಳು ಸುಖವಾಗಿತ್ತು. ಆಮೇಲೆ ಸಂಘ ಒಂದು ನಿಯಮ ಮಾಡಿತು. ಇನ್ನು ಮುಂದೆ ಗಂಡು-ಹೆಣ್ಣು ಕೂಡಿಸುವ ಮೊದಲೇ ಕಚೇರಿಯಿಂದ ಒಪ್ಪಿಗೆ ಪತ್ರ ಪಡೆಯಬೇಕು. ಇಲ್ಲದಿದ್ದರೆ ಮರಿಗಳಿಗೆ ಪಟ್ಟಿಯಲ್ಲಿ ಜಾಗವಿಲ್ಲ. ಒಂದೇ ತಂದೆಯ ಮಕ್ಕಳಿಗೆ ಒಪ್ಪಿಗೆ ಇಲ್ಲ. ಇದನ್ನು ತಪಾಸಣೆ ಮಾಡುವ ನಾಲ್ಕು ಸಾಲನ್ನು ಪ್ರತಿಮಾ ಯಾವ ವಿಡಿಯೊ ನೋಡದೆ ಸ್ವಂತ ಬರೆದಿದ್ದಳು. ಅದರ ಬಗ್ಗೆ ಅವಳಿಗೆ ಎಷ್ಟು ಹೆಮ್ಮೆಯಿತ್ತೆಂದರೆ, ಪಟ್ಟಿಯ ತಪ್ಪು ಇನ್ನೂ ಹಾಗೇ ಇದೆ ಅನ್ನುವುದು ಮರೆತೇಹೋಗಿತ್ತು.

ಮೊದಲ ಅರ್ಜಿ ತಂದವಳು ಹುನ್ನೂರಿನ ತಾರವ್ವ. ಒಂದು ಗುರುವಾರ ಬೆಳಿಗ್ಗೆ ತನ್ನ ನಾಯಿ ಚಂದ್ರಿಯನ್ನು ಸರಪಳಿ ಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದಳು. ಬಸ್ಸಿನ ಕಂಡಕ್ಟರ್ ನಾಯಿಯನ್ನು ಹತ್ತಿಸಿಕೊಳ್ಳಲಿಲ್ಲವಂತೆ, ಟೆಂಪೊ ಹಿಡಿದು ಬಂದಿದ್ದಳು. ಚಂದ್ರಿ ಉದ್ದ ಮೂತಿಯ, ಸಣಕಲು ಸೊಂಟದ, ಬೂದು ಬಣ್ಣದ ನಾಯಿ. ಬಂದವಳೇ ಮೇಜಿನ ಕೆಳಗೆ ಹೊಕ್ಕು ಪ್ರತಿಮಾಳ ಪಾದದ ಮೇಲೆ ಗದ್ದ ಇಟ್ಟು ಮಲಗಿದಳು.

"ಇಕಿಗೆ ಏಳ ವರ್ಷ ಆತವ್ವ," ಎಂದಳು ತಾರವ್ವ. "ಇದೊಂದ ಸೂಲು, ಮುಂದ ಆಗಂಗಿಲ್ಲ ಅಂತ ಡಾಕ್ಟರ್ ಹೇಳ್ಯಾರ. ಬೆದಿಗಿ ಬಂದಾಳ. ಶನಿವಾರದ ಮಟಾ ಹೊತ್ತ ಐತಿ. ಬೀಳಗಿ ಅಮೋಲನ ಗಂಡ ನಾಯಿ ಬಾಜಿ ಸಲವಾಗಿ ಮಾತಾಡೇನಿ. ಕಾಗದ ಇಲ್ಲಂದ್ರ ಅಂವಾ ಬಾಗಲಾ ತಗಿಯಂಗಿಲ್ಲ."

"ಕಾಗದ ಯಾಕ ಬೇಕ್ರಿ ಅಷ್ಟ?" ಎಂದು ಪ್ರತಿಮಾ ಕೇಳಿದಳು. ಕಾಗದ ಕೊಡುವುದೇ ಅವಳ ಕೆಲಸ, ಆದರೂ ಕೇಳಿದಳು.

"ಹ್ವಾದ ವರ್ಷ ಪ್ರದರ್ಶನದಾಗ ಗೇಟಿನ್ಯಾಗ ನಿಂದರ್ಸಿದ್ರು. ಕಾಗದ ಇಲ್ಲ, ಬೀದಿ ನಾಯಿ ಅಂದ್ರು. ಇಕಿ ಮಾರಿ ನೋಡಿ ಅಂದ್ರು." ತಾರವ್ವ ಬಗ್ಗಿ ಮೇಜಿನ ಕೆಳಗೆ ಚಂದ್ರಿಯನ್ನು ನೋಡಿದಳು. "ಆಮ್ಯಾಲ ಇಕಿ ಹೆಸರ ಹಚ್ಚಿಸಿದ್ನಿ. ಇಕಿ ಹೊಟ್ಟ್ಯಾಂದ ಒಂದ ಹೆಣ್ಣ ಮರಿ ನನ್ನ ಮನ್ಯಾಗ ಉಳಿಬೇಕು. ಅದಕ್ಕ ಯಾರೂ ಹಂಗ ಅನಬಾರ್ದು."

ಪ್ರತಿಮಾ ಚಂದ್ರಿ ಮತ್ತು ಬಾಜಿಯ ನಂಬರು ಹಾಕಿ ಒತ್ತಿದಳು. ಅವಳೇ ಬರೆದಿದ್ದ ಸಾಲು ಪರದೆಯ ಮೇಲೆ ಬಂತು: "ಕ್ಷಮಿಸಿ. ಇವು ಅಣ್ಣ-ತಂಗಿ."

ಟೈಗರ್ ಹಾಕಿದಳು. ಅಣ್ಣ. ರಬಕವಿಯ ಒಂದು, ಲೋಕಾಪುರದ ಎರಡು ಹಾಕಿದಳು. ಎಲ್ಲ ಅಣ್ಣಂದಿರೇ. ಪಟ್ಟಿಯಲ್ಲಿದ್ದ ತೊಂಬತ್ತನಾಲ್ಕು ಗಂಡುನಾಯಿಗಳೂ ಚಂದ್ರಿಯ ಒಡಹುಟ್ಟಿದವರು ಅಥವಾ ತಂದೆ ಎಂದು ತೀರ್ಮಾನವಾಗಲು ಅರ್ಧ ತಾಸು ಹಿಡಿಯಿತು.

"ಇಕಿ ತವರಮನಿ ಇಷ್ಟ ದೊಡ್ಡದು ಅಂತ ನನಗ ಗೊತ್ತಿರಲಿಲ್ಲವ್ವ," ಎಂದಳು ತಾರವ್ವ.

ಪ್ರತಿಮಾ ರಾಯರಿಗೆ ಫೋನು ಮಾಡಿದಳು. ಅವರಿಗೆ ಇದೊಂದು ಸಮಸ್ಯೆ ಅಂತಲೇ ಅನ್ನಿಸಲಿಲ್ಲ.

"ಚಂದ್ರೀದೊಂದ ಬದಲ್ ಮಾಡು. ತಂದೀ ಕಾಲಂನಾಗ ಎರಡು ಅಂತ ಹಾಕು."

"ಎರಡನೇ ನಂಬರು ಹೆಣ್ಣರಿ."

"ಮೂರು ಹಾಕು ಹಂಗಾರ."

"ಮೂರನೇದು ಲೋಕಾಪುರದ್ದರಿ. ಸತ್ತೈತಿ."

"ಛಲೋನ ಆತಲ್ಲ. ಬಂದು ಅಲ್ಲ ಅಂತ ಹೇಳೂದಿಲ್ಲ." ರಾಯರು ಫೋನಿಟ್ಟರು.

ಎರಡು ನಿಮಿಷದ ಕೆಲಸ. ಪ್ರತಿಮಾ ಮೂರು ಎಂದು ಒತ್ತಲು ಬೆರಳು ಎತ್ತಿದಳು. ಎತ್ತಿದವಳು ಸುಮ್ಮನಿರಲಾರದೆ ತಾರವ್ವನನ್ನು ಕೇಳಿದಳು.

"ಚಂದ್ರಿ ತಂದಿ ಲೋಕಾಪುರದ್ದು ಅಂತ ಹಾಕ್ಲೇನ್ರಿ?"

"ಲೋಕಾಪುರದ ನಾಯೀನ ಇಕಿ ಅವ್ವ ಕಣ್ಣೀಲೆ ನೋಡಿಲ್ಲ."

"ಮತ್ತ ಯಾವ್ದರಿ?"

"ಗೊತ್ತಿಲ್ಲವ್ವ. ಇಕಿ ಅವ್ವ ಗಂಗಿ ಕಬ್ಬಿನ ಹೊಲದಾಗ ಹೊಕ್ಕು ಮೂರ ದಿನಕ್ಕ ಹೊರಗ ಬಂದ್ಲು. ಎರಡ ತಿಂಗಳಿಗಿ ಇಕಿ ಹುಟ್ಟಿದ್ಲು. ಯಾರಂತ ಹೇಳ್ಲಿ? ಗೊತ್ತಿಲ್ಲಂತ ಬರಿ."

"ಹಂಗ ಕಾಲಂ ಖಾಲಿ ಬಿಡಾಕ ಬರಂಗಿಲ್ರಿ."

"ಹಂಗಂತ ಯಾರು ಮಾಡ್ಯಾರ?"

ಪ್ರತಿಮಾ ಒಬ್ಬೊಬ್ಬರನ್ನೇ ಎಣಿಸಿದಳು. ಸರ್ಕಾರ ಮಾಡಿರಲಿಲ್ಲ, ಸಂಘ ಮಾಡಿರಲಿಲ್ಲ, ಕಂಪ್ಯೂಟರ್ ಮಾಡಿರಲಿಲ್ಲ. ಕಂಪ್ಯೂಟರ್ ಪಾಪ, ತಿದ್ದಿಕೊಂಡು ಬಾ ಎಂದು ಎರಡನೇ ದಾರಿಯನ್ನೂ ತೋರಿಸಿತ್ತು.

"ನಾನ ಮಾಡೇನ್ರಿ," ಎಂದಳು.

ಖಾಲಿ ಕಾಲಮ್ಮಿನ ಆ ಮಾತನ್ನು ಅವಳು ಮೊದಲು ಕೇಳಿದ್ದು ಆರು ವರ್ಷದವಳಿದ್ದಾಗ. ಅವ್ವ ಹಾಲವ್ವ ಅವಳ ಕೈ ಹಿಡಿದು ಊರ ಶಾಲೆಗೆ ಕರೆದುಕೊಂಡು ಹೋಗಿದ್ದಳು. ತಂದೆಯ ಹೆಸರೇನು ಎಂದು ಹೆಡ್‌ಮಾಸ್ತರರು ಕೇಳಿದರು. ಹಾಲವ್ವ ನೆಲ ನೋಡಿದಳು. "ಕಾಲಂ ಖಾಲಿ ಬಿಡಾಕ ಬರಂಗಿಲ್ಲಬೇ," ಎಂದರು ಅವರು. ಒಳ್ಳೆಯ ಮನುಷ್ಯ, ಗದರಿಸಲಿಲ್ಲ. ತಲೆ ಎತ್ತಿ ಗೋಡೆಯ ಕ್ಯಾಲೆಂಡರ್ ನೋಡಿದರು. ಅದರಲ್ಲಿ ಹನುಮಪ್ಪ ಗುಡ್ಡ ಹೊತ್ತು ಹಾರುತ್ತಿದ್ದ. ಹಣಮಂತ ಎಂದು ಬರೆದರು. ಆ ವರ್ಷ ಇನ್ನೂ ಮೂರು ಮಕ್ಕಳು ಹಾಗೆ ಬಂದಿದ್ದವು. ಕ್ಯಾಲೆಂಡರ್ ಒಂದೇ ಇತ್ತು. ಹಾಜರಿ ಕೂಗುವಾಗ ನಾಲ್ವರೂ ಹಣಮಂತನ ಮಕ್ಕಳಾಗಿ ಏಳುತ್ತಿದ್ದರು. ಉಳಿದವರು ಅಣ್ಣ-ತಂಗಿ ಬಂದರು ಎಂದು ನಗುತ್ತಿದ್ದರು. ನಗು ನಿಂತಿದ್ದು ಏಳನೇ ಇಯತ್ತೆಯಲ್ಲಿ, ನಾಲ್ವರಲ್ಲಿ ಮೂವರು ಶಾಲೆ ಬಿಟ್ಟ ಮೇಲೆ.

ಪ್ರತಿಮಾಳಿಗೆ ನಾಚಿಕೆಯಾಯಿತು. ಮಾಸ್ತರರ ಮೇಲೆ ಇಷ್ಟು ವರ್ಷ ಒಳಗೊಳಗೇ ಸಿಟ್ಟು ಇಟ್ಟುಕೊಂಡಿದ್ದಳು. ಅವರು ನಾಲ್ವರಿಗೆ ಮಾಡಿದ್ದನ್ನು ತಾನು ಎರಡು ಸಲ ಒಂದು ಒತ್ತಿ ನೂರಾ ಎಂಬತ್ತೇಳು ಜೀವಗಳಿಗೆ ಮಾಡಿದ್ದಳು. ಅವರಾದರೂ ದೇವರ ಹೆಸರು ಹಾಕಿದ್ದರು.

"ನೀವು ಊರಿಗೆ ಹೋಗ್ರಿ," ಎಂದಳು. "ಶನಿವಾರ ಮುಂಜಾನೆ ಬರ್ರಿ. ಕಾಗದ ಇರ್ತೈತಿ."

ಮೊದಲು ಪಟ್ಟಿಯ ಒಂದು ನಕಲನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡಳು. ನಾಲ್ಕು ತಿಂಗಳ ಹಿಂದೆ ಈ ಬುದ್ಧಿ ಇರಲಿಲ್ಲ. ಆಮೇಲೆ ತಂದೆಯ ಕಾಲಂ ಖಾಲಿ ಇದ್ದರೂ ನಡೆಯುತ್ತದೆ ಎಂದು ಬರೆದು ಆಜ್ಞೆ ಕೊಟ್ಟಳು. ಕಂಪ್ಯೂಟರ್ ಈ ಸಲ ಏನೂ ಕೇಳಲಿಲ್ಲ. ನಂತರ ಸರದಾರ ತಂದೆಯಾಗಿದ್ದ ಕಡೆಯೆಲ್ಲ ಒಂದೇ ಆಜ್ಞೆಯಲ್ಲಿ ಖಾಲಿ ಮಾಡಿದಳು. ನಾಲ್ಕೂ ತಾಲೂಕಿನ ನಾಯಿಗಳು ಗುರುವಾರ ಸಂಜೆ ನಾಲ್ಕಕ್ಕೆ ತಂದೆಯಿಲ್ಲದವಾದವು.

ಚಂದ್ರಿ ಮತ್ತು ಬಾಜಿಯ ನಂಬರು ಹಾಕಿ ಒತ್ತಿದಳು.

"ಕ್ಷಮಿಸಿ. ಇವು ಅಣ್ಣ-ತಂಗಿ."

ಶುಕ್ರವಾರ ಇಡೀ ದಿನ ಇದರ ಹಿಂದೆ ಹೋಯಿತು. ನಡುವೆ ವೆಬ್‌ಸೈಟಿನಲ್ಲಿ ಪಟ್ಟಿ ನೋಡಿದವರ ಫೋನುಗಳು ಬರುತ್ತಿದ್ದವು.

"ಟೈಗರ್‌ಗೆ ಈಗ ತಂದಿ ಇಲ್ಲೇನ್ರಿ?" ಎಂದು ಯುವರಾಜ ಕೇಳಿದ.

"ಅದಾನ್ರಿ. ಯಾರಂತ ಗೊತ್ತಿಲ್ಲ."

"ಮೊದಲ ಗೊತ್ತಿತ್ತಲ್ರಿ?"

"ಇಲ್ರಿ. ಮೊದಲೂ ಗೊತ್ತಿರಲಿಲ್ಲ."

ರಾಯರ ಫೋನು ಮೂರು ಗಂಟೆಗೆ ಬಂತು. ಜಮಖಂಡಿಯಿಂದ ಮುಧೋಳದವರೆಗೆ ಫೋನಿಲ್ಲದೆಯೇ ಕೇಳಿಸುವಂತೆ ಮಾತಾಡಿದರು. ಯಾರನ್ನು ಕೇಳಿ ಮಾಡಿದಿ, ಇಷ್ಟು ಮಂದಿಗೆ ನಾನು ಏನು ಹೇಳಲಿ, ಸರದಾರನ ಹೆಸರನ್ನೂ ಬಿಡಲಿಲ್ಲವಲ್ಲ ಎಂದರು.

"ಸರದಾರನ ತಂದಿ ಯಾರಂತ ಹೇಳ್ರೀ ಸರ್, ಈಗ ಹಾಕ್ತೇನಿ."

ಅದು ರಾಯರಿಗೂ ಗೊತ್ತಿರಲಿಲ್ಲ. "ಸೋಮವಾರ ಬರ್ತೀನಿ. ನಿನ್ನ ಕೆಲಸದ ಬಗ್ಗೆ ಮಾತಾಡ್ಲಿಕ್ಕೇಬೇಕು," ಎಂದು ಅವರು ಫೋನಿಟ್ಟರು. ಪ್ರತಿಮಾ ಮತ್ತೆ ಕೀಬೋರ್ಡಿಗೆ ಕೈ ಹಾಕಿದಳು.

ಉತ್ತರ ಸಿಕ್ಕಿದ್ದು ಐದು ಗಂಟೆಗೆ, ಯಾರೋ ಯಾರಿಗೋ ಆರು ವರ್ಷದ ಹಿಂದೆ ಅಂತರ್ಜಾಲದಲ್ಲಿ ಬರೆದಿದ್ದ ಎರಡು ಸಾಲಿನಲ್ಲಿ. ಅವಳು ಹೆಮ್ಮೆಪಟ್ಟು ಬರೆದ ತಪಾಸಣೆ ಎರಡು ಕಾಲಂಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಿತ್ತು. ಎರಡೂ ಖಾಲಿ ಇದ್ದರೆ ಎರಡೂ ಒಂದೇ ಎಂದುಕೊಳ್ಳುತ್ತಿತ್ತು. ಇಬ್ಬರ ತಂದೆ ಯಾರೆಂದು ಗೊತ್ತಿಲ್ಲದಿದ್ದರೆ ಇಬ್ಬರಿಗೂ ಒಬ್ಬನೇ ತಂದೆ ಎಂದು ಅರ್ಥವಲ್ಲ ಎನ್ನುವುದನ್ನು ಅದಕ್ಕೆ ಬೇರೆಯಾಗಿ ಹೇಳಬೇಕಿತ್ತು. ಒಂದು ಸಾಲು ಸಾಕಾಯಿತು. ಆ ಸಾಲು ಬರೆಯುತ್ತಿದ್ದಂತೆ ಪ್ರತಿಮಾಳಿಗೆ ಶಾಲೆಯ ಆ ಬೆಂಚಿನ ಇನ್ನುಳಿದ ಮೂವರು ಈಗ ಎಲ್ಲಿದ್ದಾರೋ ಅನ್ನಿಸಿತು.

ಶನಿವಾರ ಎಂಟು ಗಂಟೆಗೇ ತಾರವ್ವ ಬಂದಳು. ಕೆಳಗೆ ಬೀಳಗಿಗೆ ಹೋಗುವ ಟೆಂಪೊ ನಿಂತಿತ್ತು. ಚಂದ್ರಿ ಮತ್ತೆ ಮೇಜಿನ ಕೆಳಗೆ ಹೋದಳು. ಪ್ರಿಂಟರ್ ಎರಡು ಸಲ ಕೆಮ್ಮಿ ಕಾಗದ ಹೊರಗೆ ಹಾಕಿತು.

"ಪೂರಾ ಓದವ್ವ. ನನಗ ಓದಾಕ ಬರಂಗಿಲ್ಲ."

ಪ್ರತಿಮಾ ಓದಿದಳು. "ಹೆಣ್ಣು: ಚಂದ್ರಿ, ಹುನ್ನೂರ. ತಾಯಿ: ಗಂಗಿ. ತಂದೆ: ಗೊತ್ತಿಲ್ಲ. ಗಂಡು: ಬಾಜಿ, ಬೀಳಗಿ. ತಾಯಿ: ರೂಪಿ. ತಂದೆ: ಗೊತ್ತಿಲ್ಲ. ಒಪ್ಪಿಗೆ ಇದೆ."

"ಇನ್ನೂ ಕೆಳಗೇನೋ ಐತಲ್ಲ?"

"ಅದು ನನ್ನ ಹೆಸರ್ರಿ. ಪ್ರತಿಮಾ ಹಣಮಂತ."

"ಹಣಮಂತ ಅಂದ್ರ ನಿಮ್ಮಪ್ಪೇನವ್ವ?"

ಇಪ್ಪತ್ತು ವರ್ಷದಿಂದ ಯಾರು ಕೇಳಿದರೂ ಅವಳು ಹೂಂ ಅಂದಿದ್ದಳು. ಕಾಲೇಜಿನಲ್ಲಿ ಅಂದಿದ್ದಳು, ಬ್ಯಾಂಕಿನಲ್ಲಿ ಅಂದಿದ್ದಳು, ಕೆಲಸಕ್ಕೆ ಸೇರಿದ ಮೇಲೆ ಇದೇ ಕುರ್ಚಿಯಲ್ಲಿ ಕೂತು ರಾಯರಿಗೂ ಅಂದಿದ್ದಳು.

"ಗೊತ್ತಿಲ್ರಿ," ಎಂದಳು.

ತಾರವ್ವ ಅಯ್ಯೋ ಅನ್ನಲಿಲ್ಲ. ಚಂದ್ರಿಯ ಸರಪಳಿಯನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

"ಹಂಗಾರ ಅದನ್ನೂ ತಿದ್ದಿ ಇನ್ನೊಂದ ತಗಿ. ಲಗೂ ಮಾಡವ್ವ, ಟೆಂಪೊ ನಿಂತೈತಿ."

ಪ್ರತಿಮಾ ಹಣಮಂತ ಎಂಬ ನಾಲ್ಕು ಅಕ್ಷರವನ್ನು ಅಳಿಸಿದಳು. ಕಂಪ್ಯೂಟರ್ ಏನೂ ಕೇಳಲಿಲ್ಲ. ಹೊಸ ಕಾಗದ ಬಂತು. ಕೆಳಗೆ ಪ್ರತಿಮಾ ಎಂದಿತ್ತು, ಪಕ್ಕದಲ್ಲಿ ಸ್ವಲ್ಪ ಜಾಗ ಖಾಲಿ ಉಳಿದಿತ್ತು. ಅವಳು ಅಲ್ಲಿಯೇ ಸಹಿ ಮಾಡಿದಳು.