ಒಂದು ಸಿದ್ದವ್ವ ಬೇಕು

ಈ ವರ್ಷದ ದರ ಹೀಗಿತ್ತು: ನಾಯಕಿಗೆ ಎಂಟು ಸಾವಿರ, ಖಳನಾಯಕಿಗೆ ಆರು, ತಂಗಿ ಪಾತ್ರಕ್ಕೆ ಐದು, ಹಾಸ್ಯದ ಮನೆಗೆಲಸದವಳಿಗೆ ನಾಲ್ಕು. ಕುಣಿತ ಎರಡಕ್ಕಿಂತ ಹೆಚ್ಚಾದರೆ ಮೇಲೆ ಐನೂರು. ಗಾಡಿ, ಊಟ ಊರಿನ ನಾಟಕ ಕಮಿಟಿಯ ಖರ್ಚು. ಆಟದ ನಡುವೆ ಯಾರಾದರೂ ಮೆಚ್ಚಿ ರಂಗಕ್ಕೆ ಬಂದು ನೋಟು ಕೊಟ್ಟರೆ ಅದು ಪಾತ್ರದವಳದ್ದೇ.

ಕಿರವತ್ತಿಯ ಸಿದ್ದವ್ವ ಇದನ್ನೆಲ್ಲ ನಾಲಗೆಯ ತುದಿಯಲ್ಲೇ ಇಟ್ಟುಕೊಂಡಿದ್ದಳು. ಆ ಕಡೆಯ ಹಳ್ಳಿ ನಾಟಕಗಳಲ್ಲಿ ಗಂಡು ಪಾತ್ರವೆಲ್ಲ ಊರವರದು. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ನಟಿಯರನ್ನು ಕರೆಸುತ್ತಾರೆ. ಸಿದ್ದವ್ವ ಮೂವತ್ತನಾಲ್ಕು ವರ್ಷ ಹಾಗೆ ಹೋಗಿಬಂದವಳು, ಯಾವಾಗಲೂ ಮನೆಗೆಲಸದವಳ ಪಾತ್ರಕ್ಕೆ. ಸೊಂಟಕ್ಕೆ ಸೆರಗು ಸಿಕ್ಕಿಸಿ, ಕಸಬರಿಗೆ ಹಿಡಿದು, ಒಡೆಯನನ್ನು ಅಣಕಿಸಿ, ಒಡತಿಯ ಪತ್ರವನ್ನು ಪ್ರಿಯಕರನಿಗೆ ಮುಟ್ಟಿಸಿ, ಕೊನೆಗೆ ಖಳನಾಯಕನ ಬಣ್ಣ ಬಯಲು ಮಾಡುವವಳು. ಅದನ್ನು ಅವಳು ಎಷ್ಟು ಚೆನ್ನಾಗಿ ಮಾಡಿದಳೆಂದರೆ ಆ ಪಾತ್ರಕ್ಕೇ ಅವಳ ಹೆಸರು ಬಿತ್ತು. ಕಮಿಟಿಯವರು ಫೋನು ಮಾಡಿ, “ಒಂದು ನಾಯಕಿ, ಒಂದು ತಂಗಿ, ಒಂದು ಸಿದ್ದವ್ವ ಬೇಕ್ರಿ” ಎನ್ನುತ್ತಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಅವಳು ಬೇರೆ ಹುಡುಗಿಯರನ್ನು ಕಳಿಸತೊಡಗಿದಳು. ಆಗಲೂ ಅವರು ಕೇಳುತ್ತಿದ್ದದ್ದು ‘ಒಂದು ಸಿದ್ದವ್ವ’ ಎಂದೇ.

ಆದರೆ ನಾಟಕದ ಕರಪತ್ರದಲ್ಲಿ ಅವಳ ಹೆಸರು ಒಮ್ಮೆಯೂ ಅಚ್ಚಾಗಲಿಲ್ಲ. ದೇಣಿಗೆ ಕೊಟ್ಟವರ ಫೋಟೋ ನಲವತ್ತು, ನಾಯಕಿಯದು ಒಂದು. ಇವಳ ಪಾಲಿಗೆ ‘ಹಾಸ್ಯ ನಟಿ, ಕಿರವತ್ತಿ’ ಎಂಬ ಸಾಲು. ಸಿದ್ದವ್ವ ಅದನ್ನು ಯಾರ ಹತ್ತಿರವೂ ಆಡಿಕೊಂಡವಳಲ್ಲ. ಒಳಗೆ ಮಾತ್ರ ಅದು ಮುಳ್ಳಾಗಿತ್ತು.

ಹೀಗಿರುವಾಗ ಶಿರಸಿಯಿಂದ ಮೇಧಾ ಬಂದಳು. ಫ್ರೆಂಚ್ ಕಲಿತ ಹುಡುಗಿ. ಹಳೆಯ ಫ್ರೆಂಚ್ ನಾಟಕ, ಸಂಗೀತ ನಾಟಕಗಳ ಪಾತ್ರಗಳಿಗೆ ಕನ್ನಡ ಹೆಸರು ಕೊಡುವ ನಿಘಂಟಿನ ಕೆಲಸ ಹಿಡಿದಿದ್ದಳು. ಅಲ್ಲಿಯೂ ನಟರು ಇಂಥದೇ ಬಗೆಯ ಪಾತ್ರಕ್ಕೆ ಎಂದು ಕಂಪನಿ ಸೇರುತ್ತಿದ್ದರಂತೆ. ಅಂಥ ಪಾತ್ರಕ್ಕೆ ಇಲ್ಲಿಯವರು ಏನನ್ನುತ್ತಾರೆಂದು ಸಿದ್ದವ್ವನನ್ನು ಕೇಳತೊಡಗಿದಳು.

“ಇದು ಪೇರ್ ನೋಬ್ಲ್, ಸಿದ್ದವ್ವ. ಮರ್ಯಾದೆಗೆ ಪ್ರಾಣ ಕೊಡೋ ಅಪ್ಪ. ಉದ್ದುದ್ದ ಮಾತು.”

“ಗೌಡ್ರ ಪಾತ್ರ. ಹುರಿಮೀಸಿ, ಹೆಗಲ ಮ್ಯಾಲೆ ಶಲ್ಯ. ಮೂರನೇ ಸೀನಿಗೆ ಎದಿ ಹಿಡಕೊಂಡು ಸಾಯ್ತಾನ.”

“ಇವಳು ಎಂಜೆನು. ಏನೂ ಅರಿಯದ ಹುಡುಗಿ, ಎಲ್ಲರನ್ನೂ ನಂಬ್ತಾಳೆ.”

“ತಂಗಿ ಪಾತ್ರ. ಅದನ್ನ ಕೇಳಬೇಕೇನ್ರಿ ಮೇಡಂ? ಆಕಿ ನಂಬಲಿಲ್ಲಂದ್ರ ವಿಲನ್‌ಗೆ ಕೆಲಸಾನ ಇಲ್ಲ.”

ಮೇಧಾ ನಗುತ್ತ ಬರೆದುಕೊಂಡಳು. ಪುಟ ತಿರುವಿ, “ಇದು ದ್ಯುಗಜೋನ್. ಇನ್ನೂರು ವರ್ಷಕ್ಕೂ ಹಿಂದೆ ಪ್ಯಾರಿಸಿನಲ್ಲಿದ್ದ ನಟಿಯ ಹೆಸರು. ಚುರುಕು ಹುಡುಗಿಯರ ಪಾತ್ರ ಮಾಡ್ತಿದ್ದಳು. ಆಮೇಲೆ ಅಂಥ ಪಾತ್ರ ಯಾರು ಮಾಡಿದ್ರೂ ದ್ಯುಗಜೋನ್ ಅಂತಲೇ ಕರೆದರು” ಎಂದಳು.

ಸಿದ್ದವ್ವ ಚಹಾ ಸೋಸುವುದನ್ನು ನಿಲ್ಲಿಸಿದಳು. “ಆಕಿ ಹೆಸರು ಬುಕ್ಕಿನ್ಯಾಗ ಐತೇನ್ರಿ?”

“ಇದೆ. ನಿಮ್ಮದೂ ಇರ್ತದೆ. ಇದಕ್ಕೆ ಕನ್ನಡ ‘ಸಿದ್ದವ್ವ’ ಅಂತಲೇ ಬರೀತೇನೆ. ಇದಕ್ಕಿಂತ ಸರಿಯಾದ ಮಾತು ಎಲ್ಲಿದೆ?”

“ಖರೇನ?”

ಮೇಧಾ ಬರೆದು ತೋರಿಸಿದಳು. ಸಿದ್ದವ್ವ ಕೈ ಒರೆಸಿಕೊಂಡು ಅಕ್ಷರದ ಮೇಲೆ ಬೆರಳಾಡಿಸಿದಳು. ಆ ಪುಸ್ತಕವನ್ನು ಕಣ್ಣಾರೆ ನೋಡಬೇಕೆಂಬ ಆಸೆ ಅವಳಿಗೆ ಅಂದು ಹತ್ತಿತು. ಮೇಧಾ ಐದು ಸಲ ಬಂದಳು, ಇಪ್ಪತ್ತಮೂರು ಮಾತು ಒಯ್ದಳು. ಸಿದ್ದವ್ವ ಒಂದು ಪೈಸೆ ಕೇಳಲಿಲ್ಲ.

ನಿಘಂಟಿನ ಕೊನೆಯ ಸಭೆಗೆ ಸಿದ್ದವ್ವನನ್ನೂ ಶಿರಸಿಗೆ ಕರೆದರು. ಮದುವೆಗೆ ಉಡುವ ಸೀರೆ ಉಟ್ಟು, ಯಲ್ಲಾಪುರದಲ್ಲಿ ಬಸ್ಸು ಬದಲಿಸಿ ಹೋದಳು. ನಿಘಂಟಿನ ಸಂಪಾದಕರು ರಘುಪತಿ ಹೆಗಡೆ, ನಿವೃತ್ತ ಅಧ್ಯಾಪಕರು, ಮೇಧಾ ಮಾವ ಎಂದು ಕರೆಯುವವರು. ಬಂದ ಕೂಡಲೇ ಅವಳಿಗೆ ಶಾಲು ಹೊದಿಸಿದರು, ಕೈಗೆ ಹಣ್ಣಿನ ತಟ್ಟೆ ಕೊಟ್ಟರು, ಫೋಟೋ ತೆಗೆಸಿದರು. ಆಮೇಲೆ ಹಾಳೆ ತಿರುವುತ್ತ ಒಂದು ಕಡೆ ನಿಂತರು. ಮೇಧಾಳ ಕಡೆ ಬಾಗಿ ತಮ್ಮಿಬ್ಬರ ಮನೆಮಾತಿನಲ್ಲಿ ಹೇಳಿದರು:

“ಇದೆಂತದೇ ಮೇಧಾ? ದುಡ್ಡಿಗೆ ಕುಣಿಯ ಹೆಂಗಸಿನ ಹೆಸ್ರ ನಿಘಂಟಿಗೆ ಹಾಕದಾ? ಓದಿದವು ನೆಗ್ಯಾಡ್ತ. ಜಾಣ ದಾಸಿಗೆ ಸಂಸ್ಕೃತದ ‘ಚತುರಚೇಟಿ’ ಹೇಳಿ ಬರಿ.”

“ಫ್ರೆಂಚಿನಲ್ಲಿಪ್ಪದೂ ಒಂದು ನಟಿ ಹೆಸ್ರೇಯ, ಮಾವ.”

“ಅದು ಪ್ಯಾರಿಸ್ಸು. ಅದಕ್ಕೂ ಇದಕ್ಕೂ ಎಂತ ಸಂಬಂಧ?”

ಮೇಧಾ ಒಮ್ಮೆ ಸಿದ್ದವ್ವನ ಕಡೆ ನೋಡಿದಳು, ಒಮ್ಮೆ ಹಾಳೆಯ ಕಡೆ. “ಆತು ಮಾವ” ಎಂದು ಪೆನ್ನು ತೆಗೆದು ಗೀಟು ಎಳೆದಳು.

ಬಯಲುಸೀಮೆಯ ಅಂಚಿನ ಹೆಂಗಸಿಗೆ ತಮ್ಮ ಮಾತು ತಿಳಿಯದೆಂದು ಇಬ್ಬರೂ ಧೈರ್ಯವಾಗಿದ್ದರು. ಸಿದ್ದವ್ವ ಹಣ್ಣಿನ ತಟ್ಟೆಯನ್ನು ಮೇಜಿನ ಮೇಲಿಟ್ಟು, ಅದೇ ಮಾತಿನಲ್ಲಿ, ಅದೇ ರಾಗದಲ್ಲಿ ಹೇಳಿದಳು:

“ಎಂಗೆ ಎಲ್ಲಾ ಅರ್ಥ ಆಗ್ತು ಹೆಗಡೇರೇ. ಸಿದ್ದಾಪುರದ ಬದಿಗೆ ಆನು ಹತ್ತು ವರ್ಷ ಪಾತ್ರ ಮಾಡಿದ್ದಿ.”

ಮೇಧಾಳ ಮುಖ ಬಿಳಿಚಿತು. ಹೆಗಡೆಯವರದು ಹಾಗಾಗಲಿಲ್ಲ. ಚಪ್ಪಾಳೆ ತಟ್ಟಿ ನಕ್ಕರು. “ಅಬ್ಬಬ್ಬಾ, ಎಷ್ಟು ಚೆಂದ ಅಣಕಿಸ್ತಾಳೆ ನೋಡಿ! ಸಿದ್ದವ್ವ, ಊಟ ಆದಮೇಲೆ ಒಂದು ಸೀನು ಆಗಲೇಬೇಕು. ಸ್ವಲ್ಪ ಮಸಾಲೆ ಇರೋದು. ಸಂಕೋಚ ಬೇಡ, ಇಲ್ಲಿ ಎಲ್ಲ ನಮ್ಮವರೇ.”

ಸಭೆಗೆ ಬಂದು ಕುಳಿತಿದ್ದ ಬೇರೆ ನಾಲ್ವರೂ ನಕ್ಕರು. ಒಬ್ಬರು ಕುರ್ಚಿಗಳನ್ನು ಹಿಂದೆ ಸರಿಸಿ ಜಾಗ ಮಾಡತೊಡಗಿದರು.

ತುತ್ತಿನಲ್ಲಿ ಕೂದಲು ಸಿಕ್ಕ ಹಾಗೆ ಸಿದ್ದವ್ವನಿಗೆ ಹೇಸಿಗೆಯಾಯಿತು. ಕುಡಿದು ಸೀಟಿ ಹೊಡೆಯುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಅವರ ಮೇಲೆ ಇಷ್ಟು ಹೇಸಿಗೆ ಎಂದೂ ಬಂದಿರಲಿಲ್ಲ. ಅವರು ಹಗಲಿಗೊಂದು ರಾತ್ರಿಗೊಂದು ಆಡಿದವರಲ್ಲ. ಇವರಿಗೆ ಅವಳ ಹೆಸರು ಅಚ್ಚಿಗೆ ಹೊಲಸು, ಅವಳ ಸೊಂಟ ಊಟದ ಮೇಲಿನ ಎಲೆಯಡಿಕೆ.

ಶಾಲು ತೆಗೆದು ಮಡಚಿ ಕುರ್ಚಿಯ ಮೇಲೆ ಹಾಕಿದಳು. ಮೇಧಾಳನ್ನು ನೋಡಿ ಹೇಳಿದಳು: “ನನ್ನ ಹೆಸರು ಮೈಲಿಗಿ ಆದ್ರ ನನ್ನ ಬಾಯಾಗಿಂದ ಬಿದ್ದ ಮಾತೂ ಮೈಲಿಗೀನ. ಇಪ್ಪತ್ತಮೂರೂ ಹೊಡದು ಹಾಕ್ರಿ.”

“ಅಯ್ಯೋ, ಇಷ್ಟಕ್ಕೆಲ್ಲ ಸಿಟ್ಟು ಯಾಕಮ್ಮ? ಊಟ ಮಾಡ್ಕೊಂಡು ಹೋಗು” ಎಂದರು ಹೆಗಡೆಯವರು.

“ಹಸಿವಿಲ್ರಿ.”

ಬಸ್‌ಸ್ಟ್ಯಾಂಡಿನ ತನಕ ಮೇಧಾ ಹಿಂದೆ ಓಡಿಬಂದಳು. “ಸಿದ್ದವ್ವ, ಅವರು ಸಂಪಾದಕರು. ಕೆಲಸ ಅವರ ಕೈಯಲ್ಲಿದೆ. ನಾನು ಏನು ಮಾಡ್ಲಿ ಹೇಳಿ?”

“ನೀವು ಕಳ್ಳರಲ್ರಿ ಮೇಡಂ. ಕಳ್ಳ ಮನಿ ಹೊಕ್ಕಾಗ ಬ್ಯಾಟರಿ ಹಿಡದು ನಿಂತವರು.”

ಹುಡುಗಿ ಅಳತೊಡಗಿದಳು. ಸಿದ್ದವ್ವನಿಗೆ ಕನಿಕರ ಬಂತು. ಆದರೆ ಅಳು ನೋಡಿ ಮಾತು ಹಿಂದಕ್ಕೆ ತಗೊಳ್ಳುವಷ್ಟು ಬರಲಿಲ್ಲ. “ಮನಿಗೆ ಹೋಗ್ರಿ, ಬಿಸಲಾಗ ನಿಂದರಬ್ಯಾಡ್ರಿ” ಎಂದು ಬಸ್ಸು ಹತ್ತಿದಳು.

ಆರು ತಿಂಗಳಿಗೆ ಪುಸ್ತಕ ಬಂತು. ಮೇಧಾ ತಾನೇ ತಂದುಕೊಟ್ಟಳು. ಸಿದ್ದವ್ವ ಬಾಗಿಲಲ್ಲೇ ನಿಂತು ಹಾಳೆ ತಿರುವಿದಳು. ಪ್ಯಾರಿಸಿನವಳಿಗೆ ಮುಕ್ಕಾಲು ಪುಟ. ಅದರೆದುರು ‘ಚತುರಚೇಟಿ’. ಗೌಡ್ರ ಪಾತ್ರ, ತಂಗಿ ಪಾತ್ರ ಸೇರಿ ಅವಳ ಉಳಿದ ಇಪ್ಪತ್ತೆರಡು ಮಾತೂ ಹಾಗ್ಹಾಗೇ ಇದ್ದವು, ಒಂದನ್ನೂ ಹೊಡೆದಿರಲಿಲ್ಲ. ‘ಸ್ಥಳೀಯ ಕಲಾವಿದೆಯೊಬ್ಬರು ನೆರವಾದರು’ ಎಂದು ಮುನ್ನುಡಿಯಲ್ಲಿ ಒಂದು ಸಾಲು.

“ಓದಲಿಕ್ಕೆ ಬರೋರಿಗೆ ಕೊಡ್ರಿ” ಎಂದು ಪುಸ್ತಕ ವಾಪಸು ಕೊಟ್ಟಳು. ಅವಳಿಗೆ ಓದಲು ಬರುತ್ತಿತ್ತು.

ಮೇಧಾಳಿಗೆ ಹೆಸರು ಬಂತು, ಮುಂದಿನ ಕೆಲಸವೂ ಬಂತು. ಆದರೆ ಕಿರವತ್ತಿಯಲ್ಲಿ ಅವಳಿಗೆ ಕೂತು ಚಹಾ ಕುಡಿಯಲು ಇದ್ದ ಮನೆ ತಪ್ಪಿಹೋಯಿತು. ಸಿದ್ದವ್ವನಿಂದ ಇಪ್ಪತ್ತೆರಡು ಮಾತು ಹೋದವು, ಕೈಗೆ ಏನೂ ಬರಲಿಲ್ಲ.