ಕರಿಸರ್ಪನ ಮುಖವಾಡ

ನಾನು ಒಂದು ಮುಖವಾಡ. ಹೊರಗೆ ಕರಿ ಸಾಟಿನ್ ಬಟ್ಟೆ, ಒಳಗೆ ಮೆತ್ತನೆಯ ಅಸ್ತರು, ಕಣ್ಣಿನ ತೂತುಗಳ ಸುತ್ತ ಕೆಂಪು ಪಟ್ಟಿ, ಹಿಂದೆ ಬೂಟಿನ ಹಾಗೆ ಬಿಗಿದು ಕಟ್ಟುವ ಲಾಡಿ. ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ನಾರಾಯಣಸಾ ಎಂಬ ದರ್ಜಿಯ ಅಂಗಡಿಯಲ್ಲಿ ನಾನು ಹುಟ್ಟಿದೆ. ಅದು ಸಾವಿರದ ಒಂಬೈನೂರ ಅರವತ್ತೆಂಟನೆಯ ಇಸವಿ.

ನಾರಾಯಣಸಾ ನಾಟಕ ಕಂಪನಿಗಳಿಗೆ ವೇಷದ ಬಟ್ಟೆ ಹೊಲಿಯುತ್ತಿದ್ದ. ಅವನಿಗೆ ಕುಸ್ತಿಯ ಹುಚ್ಚು. ಸುತ್ತಲಿನ ಊರುಗಳಲ್ಲಿ ಎಲ್ಲಿ ಕುಸ್ತಿ ನಡೆದರೂ ಅಂಗಡಿಗೆ ಬೀಗ ಹಾಕಿ ಹೋಗಿಬಿಡುವನು.

ಒಂದು ಮಧ್ಯಾಹ್ನ ಆ ಅಂಗಡಿಗೆ ಇಬ್ಬರು ಬಂದರು. ಒಬ್ಬ ಪಾಟಣಕರ, ಊರೂರು ತಿರುಗುವ ಫ್ರೀಸ್ಟೈಲ್ ಕುಸ್ತಿ ಕಂಪನಿಯೊಂದರ ಮಾಲಕ. ಇನ್ನೊಬ್ಬ ಯಮನಪ್ಪ, ಅಗಲ ಎದೆಯ, ಮಾತು ಕಡಿಮೆಯ ಯುವಕ.

"ಇವನ ಮಾರಿ ಯಾರಿಗೂ ಕಾಣಬಾರದು. ಇನ್ನ ಮ್ಯಾಲೆ ಇವನ ಹೆಸರು ಕರಿಸರ್ಪ. ಎಲ್ಲಿಂದ ಬಂದಾನ ಅನ್ನೂದು ದೇವರಿಗೂ ಗೊತ್ತಿಲ್ಲ," ಎಂದ ಪಾಟಣಕರ.

ನಾರಾಯಣಸಾ ಯಮನಪ್ಪನ ತಲೆಯ ಅಳತೆ ತೆಗೆದುಕೊಂಡ. ಅವನ ಎಡಗಿವಿ ಮುದ್ದೆಯಾಗಿ ಮಡಚಿಕೊಂಡಿತ್ತು. ಅದನ್ನು ಮುಟ್ಟಿ ನೋಡಿ, "ಗರಡ್ಯಾಗ ವರ್ಷಗಟ್ಟಲೆ ತಿಕ್ಕಿದ ಕಿವಿ ಇದು. ಖರೇ ಪೈಲವಾನ ಇದ್ದೀಯಲ್ಲೋ ತಮ್ಮಾ," ಎಂದ. ಯಮನಪ್ಪ ನೆಲ ನೋಡಿದ. ಆ ಕಿವಿ ನೋಯಬಾರದೆಂದು ನನ್ನ ಎಡಭಾಗದಲ್ಲಿ ನಾರಾಯಣಸಾ ಒಂದು ಬೆರಳಿನಷ್ಟು ಬಟ್ಟೆ ಹೆಚ್ಚು ಬಿಟ್ಟು ಹೊಲಿದ.

ಯಮನಪ್ಪನ ಮುಖಕ್ಕೆ ನಾನು ಯಾಕೆ ಬೇಕಾಗಿತ್ತೆಂಬುದು ನನಗೆ ಆಮೇಲೆ ತಿಳಿಯಿತು. ಅವನ ತಂದೆ ದುರ್ಗಪ್ಪ ಮುಧೋಳದ ಹತ್ತಿರದ ಹಳ್ಳಿಯಲ್ಲಿ ಗರಡಿ ನಡೆಸುತ್ತಿದ್ದ ವಸ್ತಾದ. ಯಾರು ಗೆಲ್ಲಬೇಕೆಂದು ಮೊದಲೇ ಮಾತಾಡಿಕೊಂಡು ಆಡುವ ಕುಸ್ತಿ ಎಂದರೆ ಅವನಿಗೆ ಆಗುತ್ತಿರಲಿಲ್ಲ. ಅಂಥವರು ತನ್ನ ಗರಡಿಯ ಹೊಸ್ತಿಲು ತುಳಿಯಬಾರದು ಎಂದು ಶಿಷ್ಯರ ಮುಂದೆ ಹೇಳಿದ್ದ. ಮಗ ಮುಂಬಯಿಯ ಗಿರಣಿಯಲ್ಲಿದ್ದಾನೆಂದು ಅವನು ನಂಬಿದ್ದ.

ನಾಲ್ಕು ವರ್ಷ ನಾನು ಯಮನಪ್ಪನ ಬೆವರು ಕುಡಿದೆ. ಗದಗ, ಬಳ್ಳಾರಿ, ರಾಯಚೂರು, ಸೊಲ್ಲಾಪುರ, ಎಲ್ಲ ಕಡೆ ತಗಡಿನ ಬೇಲಿ ಕಟ್ಟಿ, ನಡುವೆ ಹಗ್ಗದ ರಿಂಗು ನಿಲ್ಲಿಸುತ್ತಿದ್ದರು. ಯಾರು ಸೋಲಬೇಕೆಂಬುದನ್ನು ಪಾಟಣಕರ ಡೇರೆಯಲ್ಲಿ ಚಹಾ ಕುಡಿಯುತ್ತ ತೀರ್ಮಾನಿಸುತ್ತಿದ್ದ. ಆದರೆ ರಿಂಗಿನೊಳಗೆ ನಡೆಯುವುದು ಬೇರೆಯೇ ಕೆಲಸ. ಒಬ್ಬರನ್ನೊಬ್ಬರು ಅಪ್ಪಿ ಹಿಡಿದಾಗ ಪಿಸುಮಾತಿನಲ್ಲಿ ಮುಂದಿನ ಪಟ್ಟು ಹೇಳಿಕೊಳ್ಳುತ್ತಾರೆ. ಮೇಲೆತ್ತಿದವನ ಕೈ ಕೆಳಗೆ ಬೀಳುವವನ ಕುತ್ತಿಗೆಯ ಅಡಿಗೆ ಬರಲೇಬೇಕು. ನೋಡುವವರಿಗೆ ಅದು ಹೊಡೆತದಂತೆ ಕಾಣುತ್ತದೆ, ಬೀಳುವವನಿಗೆ ಅದೇ ತಲೆದಿಂಬು.

ಕಂಪನಿ ಹುಬ್ಬಳ್ಳಿಗೆ ಬಂದಾಗಲೆಲ್ಲ ನಾರಾಯಣಸಾ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ. ಮರುದಿನ ಬೆಳಿಗ್ಗೆ ಯಮನಪ್ಪ ನನ್ನ ಹರಿದ ಹೊಲಿಗೆ ಹಾಕಿಸಲು ಅಂಗಡಿಗೆ ಬಂದಾಗ ಅಲ್ಲಿ ವಾದ ನಡೆದೇ ಇರುತ್ತಿತ್ತು.

"ಎಲ್ಲಾ ಸುಳ್ಳ ಬಿಡ್ರಿ ಸಾವಜಿ, ನಾಟಕ ಅದು," ಎಂದ ಒಂದು ಸಲ ಒಬ್ಬ ಗಿರಾಕಿ.

ನಾರಾಯಣಸಾ ಮಷಿನ್ ನಿಲ್ಲಿಸಿದ. "ಯಾರು ಗೆಲ್ಲಬೇಕು ಅನ್ನೂದು ಮಾತಾಡಿಕೊಂಡಿರಬಹುದು. ಆರಡಿ ಮ್ಯಾಲಿಂದ ನೆಲಕ್ಕ ಬಡಿಯೂ ಬೆನ್ನಿಗೆ ಏನಂತ ಮಾತಾಡಿ ಹೇಳ್ತಿ? ನಿನ್ನಿ ಕರಿಸರ್ಪ ಸೋತಾ. ಸೋತು ಎದುರಿನವನ್ನ ದೊಡ್ಡವನ್ನ ಮಾಡಿದಾ. ಆ ಶೇರ್‌ಸಿಂಗಗ ಬರೇ ಗೆಲ್ಲಾಕ ಬರತದ. ಸೋಲೂದು ಕಲತವರು ಬ್ಯಾರೆ ಇರತಾರ."

ಮೂಲೆಯಲ್ಲಿ ಕುಳಿತಿದ್ದ ಯಮನಪ್ಪ ಗಿರಾಕಿಗೆ ಕಾಣದಂತೆ ನನ್ನನ್ನು ಟವೆಲಿನಡಿ ಮುಚ್ಚಿಕೊಂಡ. ಆ ಸಂಜೆ ಲಾಡಿ ಬಿಗಿದುಕೊಳ್ಳುವಾಗ ಅವನ ಬೆರಳುಗಳಲ್ಲಿ ಹುರುಪಿತ್ತು.

ಶೇರ್‌ಸಿಂಗನ ನಿಜವಾದ ಹೆಸರು ಗಣಪತಿ. ಪಾಟಣಕರನ ಅಳಿಯ. ಪ್ರತಿ ಊರಿನಲ್ಲೂ ಕೊನೆಗೆ ಗೆಲ್ಲುವವನು ಅವನೇ, ಹಾರ ಬೀಳುತ್ತಿದ್ದದ್ದು ಅವನ ಕೊರಳಿಗೇ. ಆದರೆ ನಾಲ್ಕನೆಯ ವರ್ಷ ಜನರ ಮನಸ್ಸು ತಿರುಗಿತು. ದುಷ್ಟನೆಂದು ಬೈಸಿಕೊಳ್ಳಬೇಕಾದ ಕರಿಸರ್ಪ ಬಂದರೆ ಶಿಳ್ಳೆ, ಚಪ್ಪಾಳೆ. ಶೇರ್‌ಸಿಂಗ್ ಬಂದರೆ ಜನ ಶೇಂಗಾ ಸುಲಿಯುತ್ತ ಕೂರುವರು. ಪಾಟಣಕರನ ಮುಖ ಬಿಗಿಯಿತು. ಡೇರೆಗೆ ಯಮನಪ್ಪ ಬಂದೊಡನೆ ಉಳಿದವರು ಮಾತು ನಿಲ್ಲಿಸತೊಡಗಿದರು.

ಕೊನೆಗೆ ಪಾಟಣಕರ ಅವನನ್ನು ಕರೆದು ಹೇಳಿದ. "ಈ ಸಲ ಹುಬ್ಬಳ್ಳ್ಯಾಗ ಶೇರ್‌ಸಿಂಗ್ ನಿನ್ನ ಮುಖವಾಡ ಕೀಳತಾನ. ನಿನ್ನ ಖರೇ ಹೆಸರು, ಊರು ಮೈಕಿನ್ಯಾಗ ಹೇಳಸ್ತೀನಿ. ಜನಾ ತುಂಬತಾರ."

"ಹುಬ್ಬಳ್ಳ್ಯಾಗ ಬ್ಯಾಡ್ರಿ ಮಾಲಕರ. ಮುಧೋಳದ ಪೈಲವಾನರು ಅಲ್ಲಿ ಬರತಾರ. ನಮ್ಮಪ್ಪಗ ಗೊತ್ತಾದ್ರ ಮಗಾ ಸತ್ತಾ ಅಂತ ನೀರು ಬಿಡತಾನ. ಬ್ಯಾರೆ ಊರಾಗ ಮಾಡ್ರಿ, ಕೈ ಮುಗಿತೀನಿ."

"ನಿಮ್ಮಪ್ಪನ್ನ ಕೇಳಿ ನಾ ಕಂಪನಿ ನಡಸಂಗಿಲ್ಲ."

ಯಮನಪ್ಪ ನನ್ನನ್ನು ಮೇಜಿನ ಮೇಲಿಟ್ಟ. "ಹಂಗಾದ್ರ ಹುಬ್ಬಳ್ಳಿಗೆ ನಾ ಬರಂಗಿಲ್ಲರಿ," ಎಂದ. ನಾಲ್ಕು ವರ್ಷದಲ್ಲಿ ಅವನು ಒಲ್ಲೆ ಎಂದದ್ದು ಅದೇ ಮೊದಲು.

ಹುಬ್ಬಳ್ಳಿಗಿಂತ ಮೊದಲು ದಾವಣಗೆರೆಯಲ್ಲಿ ಆಟವಿತ್ತು. ಅಲ್ಲಿ ಯಮನಪ್ಪ ಎಂದಿನಂತೆ ನನ್ನನ್ನು ಕಟ್ಟಿಕೊಂಡು ರಿಂಗಿಗೆ ಇಳಿದ. ಅರ್ಧ ತಾಸಿನ ಮೇಲೆ ಶೇರ್‌ಸಿಂಗ್ ಅವನನ್ನು ಹೆಗಲ ಮೇಲಕ್ಕೆ ಎತ್ತಿದ. ಸಾವಿರಾರು ಜನ ಕೂಗುತ್ತಿದ್ದರು. ಆ ಗದ್ದಲದಲ್ಲಿ ಶೇರ್‌ಸಿಂಗನ ಬಾಯಿ ಯಮನಪ್ಪನ ಬಲಗಿವಿಯ ಹತ್ತಿರ ಬಂತು.

"ಯಮನ್ಯಾ, ತಪ್ಪ ತಿಳೀಬ್ಯಾಡೋ. ಮಾವ ಹೇಳ್ಯಾನ."

ಕುತ್ತಿಗೆಯ ಅಡಿಗೆ ಬರಬೇಕಾದ ಕೈ ಬರಲಿಲ್ಲ.

ಒಣ ಕಟ್ಟಿಗೆ ಮುರಿದಂಥ ಸದ್ದು ನನಗೆ ಕೇಳಿಸಿತು. ಜನರಿಗೆ ಕೇಳಿಸಲಿಲ್ಲ. ಎಂಥಾ ಚಂದ ಬಿದ್ದ ಎಂದು ಅವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯಮನಪ್ಪನ ಕಣ್ಣು ತೆರೆದೇ ಇದ್ದವು. ನನ್ನ ಎರಡು ತೂತುಗಳಿಂದ ಅವು ಆಕಾಶ ನೋಡುತ್ತಿದ್ದವು.

ಡೇರೆಗೆ ಹೊತ್ತು ತಂದಾಗ ಪಾಟಣಕರ ಮೊದಲು ಹೇಳಿದ ಮಾತು, "ಮುಖವಾಡ ಜ್ವಾಕಿ, ಹರದೀರಿ." ಬಸಪ್ಪ ಎಂಬ ಸುಳ್ಳು ಹೆಸರಿನಲ್ಲಿ, ಏಣಿಯಿಂದ ಬಿದ್ದ ಕೂಲಿಯವನೆಂದು ಹೇಳಿ ಅವನನ್ನು ಆಸ್ಪತ್ರೆಗೆ ಸೇರಿಸಿದರು. ಮರುದಿನ ಕಂಪನಿ ಗಂಟುಮೂಟೆ ಕಟ್ಟಿ ಹುಬ್ಬಳ್ಳಿಗೆ ಹೊರಟಿತು. ನಾನೂ ಹೊರಟೆ.

ಎಂಟನೆಯ ದಿನ ಹುಬ್ಬಳ್ಳಿಯಲ್ಲಿ ನನ್ನನ್ನು ಚೌಡಪ್ಪನ ತಲೆಗೆ ಬಿಗಿದರು. ಅವನು ಡೇರೆ ಹೊಡೆಯುವ ಕೆಲಸದವನು, ಮೈಕಟ್ಟು ಮಾತ್ರ ಯಮನಪ್ಪನದರಂತೆ ಇತ್ತು. ನಾವು ರಿಂಗಿಗೆ ಇಳಿದೆವು. ಅದೇ ಶಿಳ್ಳೆ, ಅದೇ ಕೂಗು. ಮುಂದಿನ ಸಾಲಿನಲ್ಲಿ ನಾರಾಯಣಸಾ ಕುಳಿತಿದ್ದ. ಅವನು ನನ್ನ ಎಡಭಾಗವನ್ನೇ ದಿಟ್ಟಿಸಿದ. ಮುದ್ದೆಗಟ್ಟಿದ ಕಿವಿಗೆಂದು ಬಿಟ್ಟ ಬಟ್ಟೆ ಅಲ್ಲಿ ಖಾಲಿಯಾಗಿ ಸುಕ್ಕುಬಿದ್ದಿತ್ತು.

ಅವನು ಎದ್ದು ನಿಂತ. "ಇವಾ ಅವನಲ್ಲ! ಕರಿಸರ್ಪ ಇವನಲ್ಲ!"

"ಕೂಡ್ರಿ ಸಾವಜಿ, ಹಿಂದಿನವರಿಗೆ ಕಾಣವಲ್ದು," ಎಂದರು ಹಿಂದಿನಿಂದ.

ಶೇರ್‌ಸಿಂಗ್ ನನ್ನನ್ನು ಕಿತ್ತು ಎಸೆದ. ಮೈಕಿನಲ್ಲಿ ಯಾವುದೋ ಹೆಸರು, ಯಾವುದೋ ಊರು ಹೇಳಿದರು. ಚೌಡಪ್ಪನ ಬೆವರಿದ ಮುಖ ನೋಡಿ ಜನ ನಕ್ಕರು, ಚಪ್ಪಾಳೆ ತಟ್ಟಿದರು, ಮನೆಗೆ ಹೋದರು.

ನಾರಾಯಣಸಾ ಮಾತ್ರ ಡೇರೆಗೆ ನುಗ್ಗಿದ. "ನಮ್ಮ ಹುಡುಗ ಎಲ್ಲಿ?"

"ರಜಾ ತಗೊಂಡು ಊರಿಗೆ ಹೋದಾ," ಎಂದು ಪಾಟಣಕರ ಹೊರಗೆ ಹೋದ.

ಶೇರ್‌ಸಿಂಗ್ ಮೂಲೆಯಲ್ಲಿ ಬೂಟು ಕೂಡ ಬಿಚ್ಚದೆ ಕುಳಿತಿದ್ದ. ಎದ್ದು ಬಂದು ನನ್ನನ್ನು ನಾರಾಯಣಸಾನ ಕೈಯಲ್ಲಿಟ್ಟ. "ದಾವಣಗೆರಿ ದವಾಖಾನ್ಯಾಗ ಅದಾನ್ರಿ. ಬಸಪ್ಪ ಅಂತ ಹೆಸರು ಹೇಳಿ ಕೇಳ್ರಿ," ಎಂದ. ತಲೆ ಎತ್ತಲಿಲ್ಲ.

ಮರುದಿನ ಬೆಳಗಿನ ರೈಲಿಗೆ ನಾರಾಯಣಸಾ ದಾವಣಗೆರೆಗೆ ಹೋದ. ಅವನ ಕೈಚೀಲದಲ್ಲಿ ನಾನಿದ್ದೆ. ಯಮನಪ್ಪನ ಕುತ್ತಿಗೆಗೆ ಪಟ್ಟಿ ಕಟ್ಟಿದ್ದರು. ಬಲಗೈ ಮೇಲೇಳುತ್ತಿರಲಿಲ್ಲ, ಕಾಲಿಗೆ ಇನ್ನೂ ಪೂರ್ತಿ ಸ್ಪರ್ಶ ಬಂದಿರಲಿಲ್ಲ. ಎಂಟು ದಿನದಲ್ಲಿ ಅವನನ್ನು ಕೇಳಿಕೊಂಡು ಬಂದ ಮೊದಲ ಮನುಷ್ಯ ಈ ದರ್ಜಿ.

"ಬೇಕಂತ ಒಗದಾನಲ್ಲೋ ನಿನ್ನ?" ಎಂದ ನಾರಾಯಣಸಾ.

"ಕೈ ಜಾರಿತ್ರಿ," ಎಂದ ಯಮನಪ್ಪ.

ಅದು ಸುಳ್ಳು. ಅವನೂ ಕೇಳಿದ್ದ, ನಾನೂ ಕೇಳಿದ್ದೆ. ಆದರೂ ಕೊನೆಯವರೆಗೆ ಅವನು ಅದನ್ನೇ ಹೇಳಿದ. ನಾಲ್ಕು ವರ್ಷ ದಿನಾಲು ಯಾರ ಕೈಗೆ ಕುತ್ತಿಗೆ ಒಪ್ಪಿಸಿದ್ದನೋ ಆ ಕೈ ಬೇಕೆಂದೇ ಬಿಟ್ಟಿತು ಎಂದು ಬಾಯಿಬಿಟ್ಟು ಹೇಳುವುದು ಅವನಿಂದ ಆಗಲಿಲ್ಲವೇನೋ.

ಊರಿಗೆ ತಿಳಿಸಬೇಡಿರೆಂದು ಯಮನಪ್ಪ ಅತ್ತ. ನಾರಾಯಣಸಾ ಕೇಳಲಿಲ್ಲ. ನನ್ನನ್ನು ಹಾಸಿಗೆಯ ಪಕ್ಕದಲ್ಲಿಟ್ಟು ಮುಧೋಳದ ಬಸ್ಸು ಹತ್ತಿದ. ಮೂರನೆಯ ದಿನ ಬಾಗಿಲಲ್ಲಿ ದುರ್ಗಪ್ಪ ವಸ್ತಾದ ನಿಂತಿದ್ದ. ರುಮಾಲು ಸುತ್ತಿದ, ಎಪ್ಪತ್ತು ಸಮೀಪಿಸಿದ ಎತ್ತರದ ಮನುಷ್ಯ. ನನ್ನನ್ನು ಎತ್ತಿ ಹಿಂದೆ ಮುಂದೆ ನೋಡಿ ಕೆಳಗಿಟ್ಟ. ಆಮೇಲೆ ಮಗನ ಕುತ್ತಿಗೆಯ ಪಟ್ಟಿಯ ಅಂಚಿನಲ್ಲಿ ಮೆಲ್ಲಗೆ ಬೆರಳಾಡಿಸಿದ.

"ಎಷ್ಟ ವರ್ಷ ಆಡಿದಿ?"

"ನಾಕ ವರ್ಷ, ಅಪ್ಪಾ."

"ನಿನ್ನ ಕೈಯಾಗ ಯಾರರೆ ಹಿಂಗ ಮಲಗ್ಯಾರೇನು?"

"ಇಲ್ಲಪ್ಪಾ. ಒಬ್ಬರೂ ಇಲ್ಲ."

ಮುದುಕ ಮಗನ ಹೊದಿಕೆ ಸರಿಪಡಿಸಿದ. "ಮನಿಗೆ ನಡಿ," ಎಂದ. ಮನೆಗೆ ಕರೆದುಕೊಂಡು ಹೋದ, ತಾನೇ ಎಣ್ಣೆ ಹಚ್ಚಿ ನೀವಿದ, ಎರಡು ವರ್ಷಕ್ಕೆ ಕೋಲು ಹಿಡಿದು ನಡೆಯುವಂತೆ ಮಾಡಿದ. ಆದರೆ ಗರಡಿಯ ಹೊಸ್ತಿಲು ದಾಟಲು ಮಾತ್ರ ತಾನು ಸಾಯುವತನಕ ಅವನನ್ನು ಬಿಡಲಿಲ್ಲ. ಯಮನಪ್ಪ ದಿನಾಲು ಗರಡಿಯ ಹೊರಗಿನ ಕಲ್ಲಿನ ಮೇಲೆ ಕುಳಿತು ಒಳಗಿನ ತೊಡೆ ತಟ್ಟುವ ಸದ್ದು ಕೇಳುತ್ತಿದ್ದನಂತೆ. ಇದನ್ನು ನನಗೆ ತಿಳಿಸಿದ್ದು ನಾರಾಯಣಸಾನ ಮಾತು. ಅವನು ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ ಬಂದು ಅಂಗಡಿಯಲ್ಲಿ ಹೇಳುತ್ತಿದ್ದ. ನಾನು ಆಸ್ಪತ್ರೆಯಿಂದ ಅವನ ಜೊತೆ ಮರಳಿ ಅವನ ಅಂಗಡಿಯ ಗೂಟಕ್ಕೆ ಸೇರಿದ್ದೆ.

ಏಳು ವರ್ಷದ ಮೇಲೆ ಹುಬ್ಬಳ್ಳಿಯ ಗೋಡೆಗಳ ಮೇಲೆ ಮತ್ತೆ ಕಾಗದ ಅಂಟಿಸಿದರು. 'ಕರಿಸರ್ಪ ಮರಳಿ ಬಂದ!' ಪಾಟಣಕರ ನನ್ನಂಥದೇ ಇನ್ನೊಂದನ್ನು ಎಲ್ಲೋ ಹೊಲಿಸಿದ್ದ. ನಾರಾಯಣಸಾ ಸಿಟ್ಟಿನಿಂದ ಯಮನಪ್ಪನಿಗೆ ಕಾಗದ ಬರೆದ. ಯಮನಪ್ಪ ಕೋಲೂರುತ್ತ ಬಂದೇಬಿಟ್ಟ. ಇಬ್ಬರೂ ಮುಂದಿನ ಸಾಲಿನಲ್ಲಿ ಕುಳಿತು ಆಟ ನೋಡಿದರು. ನಾನು ಚೀಲದಲ್ಲಿದ್ದೆ, ಕೂಗು ಮಾತ್ರ ಕೇಳಿಸುತ್ತಿತ್ತು.

ಆಟ ಮುಗಿದ ಮೇಲೆ ಯಮನಪ್ಪ ಡೇರೆಯ ಹಿಂದೆ ಹೋಗಿ ಹೊಸ ಕರಿಸರ್ಪನನ್ನು ಹೊರಗೆ ಕರೆದ.

"ಖರೇ ಹೆಸರೇನು ನಿಂದು?"

"ಅದನ್ನ ಹೇಳಬಾರದಂತ ಮಾಲಕರು..."

"ಮಾಲಕರ ಮಾತ ಕೇಳಿ ನನ್ನ ಹೆಸರು ಬಸಪ್ಪ ಆಗಿತ್ತು. ಹೇಳು."

ಆ ಯುವಕ ಯಮನಪ್ಪನ ಕೋಲು ನೋಡಿದ, ಜೋತುಬಿದ್ದ ಬಲಗೈ ನೋಡಿದ. ಕುಂದಗೋಳದ ಕಡೆಯ ಒಂದು ಹಳ್ಳಿಯ ಹೆಸರು ಹೇಳಿ, ಫಕೀರಪ್ಪ ಎಂದ. ನಾರಾಯಣಸಾ ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡ.

"ಊರು ಬಿಟ್ಟು ಊರಿಗೆ ಹೋದಾಗೆಲ್ಲಾ ಇವರ ಅಂಗಡಿಗೆ ಒಂದ ಕಾರ್ಡ ಹಾಕು," ಎಂದ ಯಮನಪ್ಪ. "ಬ್ಯಾರೆ ಏನೂ ಬರೀಬ್ಯಾಡ. ಅದೀನಿ ಅಂತ ಬರಿ ಸಾಕು. ಕಾರ್ಡ ಬರಲಿಲ್ಲ ಅಂದ್ರ ನಿನ್ನ ಹುಡಿಕ್ಕೊಂಡು ಬರಾಕ ಇಬ್ಬರ ಅದೀವಿ ಅಂತ ನಿನ್ನ ಮಾಲಕಗ ಹೇಳು."

ಚೀಟಿಯನ್ನು ನಾರಾಯಣಸಾ ನನ್ನ ಅಸ್ತರಿನೊಳಗೆ ಸೇರಿಸಿದ. ಕಾರ್ಡುಗಳು ಬಂದವು. ವಿಜಾಪುರದಿಂದ, ಹೊಸಪೇಟೆಯಿಂದ, ಮಿರಜಿನಿಂದ. 'ಅದೀನಿ.' ಎಲ್ಲದರಲ್ಲೂ ಅಷ್ಟೇ. ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ನಿಂತಿತು. ಒಂದು ತಿಂಗಳು, ಎರಡು ತಿಂಗಳು. ನಾರಾಯಣಸಾ ಮುಧೋಳಕ್ಕೆ ತಂತಿ ಕೊಟ್ಟ. ಯಮನಪ್ಪ ಬಂದ. ನನ್ನನ್ನು ಚೀಲದಲ್ಲಿ ಹಾಕಿಕೊಂಡು ಇಬ್ಬರೂ ಚೀಟಿಯಲ್ಲಿದ್ದ ಊರಿಗೆ ಹೊರಟರು.

ಫಕೀರಪ್ಪ ಮನೆಯ ಮುಂದೆ ಎಮ್ಮೆ ಮೈ ತೊಳೆಯುತ್ತಿದ್ದ. ಇವರನ್ನು ಕಂಡು ನಗುತ್ತ ಓಡಿಬಂದ. "ಬರ್ರಿ ಕಾಕಾ! ಕಂಪನಿ ಬಿಟ್ಟ್ಯಾ. ಲಗ್ನ ಆತರಿ. ಆ ಗಡಿಬಿಡ್ಯಾಗ ಕಾರ್ಡ ಹಾಕೂದ ಮರತ..."

"ಮರತಿ?" ಯಮನಪ್ಪ ಕೋಲೆತ್ತಿದ. "ಒಂದ ಕಾರ್ಡ ಬರಿಯಾಕ ಏನಾಗಿತ್ತೋ ನಿನಗ! ಬದುಕೀನಿ ಅಂತ ಹೇಳಾಕ ಏನಾಗಿತ್ತು!"

ಕೋಲು ಕೈಯಿಂದ ಬಿತ್ತು. ಅವನು ಕಟ್ಟೆಯ ಮೇಲೆ ಕುಸಿದು, ಏಳುವ ಒಂದೇ ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ದವಾಖಾನೆಯಲ್ಲಿ ಕೂಡ ಅವನು ಹಾಗೆ ಅತ್ತಿರಲಿಲ್ಲ. ನೀರಿನ ತಂಬಿಗೆ ತಂದ ಹೊಸ ಮದುಮಗಳು ಏನೂ ತಿಳಿಯದೆ ಬಾಗಿಲಲ್ಲಿ ನಿಂತಳು. ಫಕೀರಪ್ಪನ ನಗು ಮೆಲ್ಲಗೆ ಮಾಯವಾಯಿತು. ಅವನು ಬಂದು ಯಮನಪ್ಪನ ಕಾಲ ಹತ್ತಿರ ನೆಲದ ಮೇಲೆ ಕುಳಿತ.

ಈಗ ನಾರಾಯಣಸಾ ಇಲ್ಲ, ಯಮನಪ್ಪನೂ ಇಲ್ಲ. ಅಂಗಡಿಯನ್ನು ನಾರಾಯಣಸಾನ ಮಗಳು ನಡೆಸುತ್ತಾಳೆ. ನಾನು ಹಳೆಯ ಗುಂಡಿಗಳ ಜೊತೆ ಒಂದು ತಗಡಿನ ಡಬ್ಬಿಯಲ್ಲಿದ್ದೇನೆ. ನನ್ನ ಸಾಟಿನ್ ಮಡಿಕೆಯಲ್ಲಿ ಸೀಳಿದೆ, ಕೆಂಪು ಪಟ್ಟಿ ಬಿಳಿಚಿದೆ. ಒಂದು ಕಾಲದಲ್ಲಿ ನನ್ನನ್ನು ನೋಡಲು ಜನ ಬೇಲಿ ಹಾರಿ ಬರುತ್ತಿದ್ದರು. ಅದನ್ನು ನೆನೆದರೆ ನನಗೆ ಹೆಮ್ಮೆ ಬರುವುದಿಲ್ಲ. ಒಬ್ಬ ಮನುಷ್ಯ ಸುಳ್ಳು ಹೆಸರಿನಲ್ಲಿ ಎಂಟು ದಿನ ಒಬ್ಬನೇ ಮಲಗಿದ್ದ. ಅವನಿಗಾಗಿ ಗಂಟಲು ಹರಿಯುವಂತೆ ಕೂಗಿದ ಸಾವಿರಾರು ಜನರಲ್ಲಿ ಅವನೆಲ್ಲಿ ಎಂದು ಕೇಳಿದವನು ಒಬ್ಬನೇ. ಉಳಿದವರನ್ನು ನಾನು ಬಯ್ಯಲಾರೆ. ಕರಿಸರ್ಪ ಕಣ್ಣ ಮುಂದೆಯೇ ಇದ್ದಾನೆಂದು ಅವರು ತಿಳಿದಿದ್ದರು. ಹಾಗೆ ತಿಳಿಯುವಂತೆ ರಿಂಗಿನಲ್ಲಿ ನಿಂತಿದ್ದವನು ನಾನು.